ನಗಿಸಿದವರಿಗೆ ನುಡಿನಮನ: ಡೊಂಬಿವಲಿಯಿಂದ ಕೆಲವು ಸೂಚನೆ

ಮೊದಲು ಸುದ್ದಿ ನಿಜವೇ ಎಂದು ನೋಡಿ. ಹಾಸ್ಯನಟರನ್ನು ವಾಟ್ಸ್‌ಆ್ಯಪ್ ಆಗಾಗ ಸಾಯಿಸುತ್ತಲೇ ಇರುತ್ತದೆ. ಮನೆಯವರ ಮಾತು, ಚಲನಚಿತ್ರ ವಾಣಿಜ್ಯ ಮಂಡಳಿಯ ಹೇಳಿಕೆ, ಅದೂ ಇಲ್ಲವೆಂದರೆ ಎರಡು ಬೇರೆ ಬೇರೆ ಪತ್ರಿಕೆಗಳ ಸುದ್ದಿ, ಇವುಗಳಲ್ಲಿ ಒಂದಾದರೂ ಸಿಗುವ ತನಕ ಸಂಘದ ಗುಂಪಿನಲ್ಲಿ 'ಓಂ ಶಾಂತಿ' ಹಾಕಬೇಡಿ. ಸುದ್ದಿ ನಿಜವಾದ ಮೇಲೂ ಆಸ್ಪತ್ರೆಯ ಮಂಚದ ಚಿತ್ರ, ಮೂಗಿಗೆ ಹತ್ತಿ ಇಟ್ಟ ಮುಖ ಇವನ್ನು ಯಾರಾದರೂ ಕಳಿಸಿದರೆ ಅಲ್ಲೇ ಅಳಿಸಿ. ಕಳಿಸಿದವರಿಗೆ ಖಾಸಗಿಯಾಗಿ ಫೋನ್ ಮಾಡಿ ಹೇಳಿ. ಗುಂಪಿನಲ್ಲೇ ಹೇಳಿದರೆ ಜಗಳವಾಗಿ, ಸತ್ತವರು ಮರೆತುಹೋಗುತ್ತಾರೆ.

ನಾನು ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಮಾಧ್ಯಮದ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿರುವ ನಮ್ಮ ಕನ್ನಡ ಸಂಘದ ಸಾಂಸ್ಕೃತಿಕ ವಿಭಾಗ ನನ್ನ ತಲೆಗೆ ಬಿದ್ದು ಬಹಳ ಕಾಲವಾಯಿತು. ಕವಿಗಳು ತೀರಿಕೊಂಡಾಗ ಸಭೆ ನಡೆಸುವುದು ಕಷ್ಟವಲ್ಲ. ಎರಡು ಕವಿತೆ ಓದಿಸಿ, ಒಂದು ಹಾಡಿಸಿದರೆ ಸಂಜೆ ತಾನಾಗಿಯೇ ಗಂಭೀರವಾಗುತ್ತದೆ. ಹಾಸ್ಯನಟರು ತೀರಿಕೊಂಡರೆ ಬಂದವರಿಗೆ ಮುಖ ಹೇಗಿಟ್ಟುಕೊಳ್ಳಬೇಕೆಂದೇ ತಿಳಿಯುವುದಿಲ್ಲ. ಫೋಟೋ ನೋಡಿದರೆ ನಗು ಬರುತ್ತದೆ, ಫೋಟೋಕ್ಕೆ ಹಾಕಿದ ಹಾರ ನೋಡಿದರೆ ನಗಬಾರದು ಅನಿಸುತ್ತದೆ. ಈ ಇಕ್ಕಟ್ಟಿನಿಂದ ಜನರನ್ನು ಬಿಡಿಸುವುದೇ ಏರ್ಪಾಟು ಮಾಡುವವರ ಕೆಲಸ. ಅವರು ನಗಬೇಕು. ನಗಬಹುದು ಎಂದು ನೀವು ಬಾಯಿಬಿಟ್ಟು ಹೇಳಬೇಕು.

ಇದು ನನ್ನೊಬ್ಬಳ ಹಟವಲ್ಲ. ಹಿಂದಿಯ ಹಾಸ್ಯನಟ ಸತೀಶ್ ಶಾ 2025ರ ಅಕ್ಟೋಬರ್ 25ರಂದು ಇದೇ ಮುಂಬಯಿಯಲ್ಲಿ ತೀರಿಕೊಂಡರು. ಅಂತ್ಯಕ್ರಿಯೆಗೆ ಬಂದ 'ಸಾರಾಭಾಯಿ ವರ್ಸಸ್ ಸಾರಾಭಾಯಿ' ಧಾರಾವಾಹಿಯ ಸಂಗಡಿಗರು ಅಲ್ಲೇ ನಿಂತು ಅದರ ಶೀರ್ಷಿಕೆ ಗೀತೆ ಹಾಡಿದರು, ಅಳುತ್ತಲೇ. ವಿಡಿಯೊ ನೋಡಿ ಮೂಗು ಮುರಿದವರಿದ್ದಾರೆ. ನನಗಂತೂ ಅವರಿಗೆ ಅದಕ್ಕಿಂತ ಸರಿಯಾದ ಮಂತ್ರ ಬೇರೆ ಇರಲಿಲ್ಲ ಅನಿಸಿತು. ಅದಕ್ಕೆ ಐದು ದಿನ ಮೊದಲು, ಅಕ್ಟೋಬರ್ 20ರ ದೀಪಾವಳಿಯಂದು, ಹಿಂದಿಯ ಇನ್ನೊಬ್ಬ ಹಾಸ್ಯನಟ ಅಸ್ರಾನಿ ಹೋಗಿದ್ದರು. ಅವರ ಮನೆಯವರು ಸಾಂತಾಕ್ರೂಜ್‌ನಲ್ಲಿ ಸದ್ದಿಲ್ಲದೆ ಸಂಸ್ಕಾರ ಮುಗಿಸಿ ಆಮೇಲೆ ಊರಿಗೆ ತಿಳಿಸಿದರು; ಅವರ ಇಚ್ಛೆಯೇ ಹಾಗಿತ್ತು. ಮನೆಯವರು ಹೇಗೆ ಬಯಸುತ್ತಾರೋ ಹಾಗೆ. ನಾವು ದೂರದಲ್ಲಿರುವ ಅಭಿಮಾನಿಗಳು, ನಮ್ಮ ಸಭೆ ನಮ್ಮ ಸಮಾಧಾನಕ್ಕೆ. ಬೆಂಗಳೂರಿನ ಮನೆಗೆ ಫೋನ್ ಹಚ್ಚಿ 'ಮುಂಬಯಿಂದ ಮಾತಾಡ್ತಿದ್ದೇವೆ, ಒಂದು ಸಂದೇಶ ಕೊಡಿ' ಎಂದು ಪೀಡಿಸಬೇಡಿ.

ದಿನ ಗೊತ್ತು ಮಾಡುವುದು. ಮುಂಬಯಿಯಲ್ಲಿ ಭಾನುವಾರ ಬಿಟ್ಟರೆ ಬೇರೆ ದಿನವಿಲ್ಲ, ಭಾನುವಾರವೆಂದರೆ ಮೆಗಾಬ್ಲಾಕ್, ಹಳಿ ದುರಸ್ತಿಗೆಂದು ಲೋಕಲ್ ರೈಲು ನಿಲ್ಲಿಸುವ ಹೊತ್ತು. ಮಧ್ಯ ರೈಲ್ವೆಯವರು ಹಿಂದಿನ ದಿನವೇ ಪ್ರಕಟಿಸುತ್ತಾರೆ, ನೋಡಿಕೊಂಡು ಸಮಯ ಇಡಿ. ದ್ವಾರಕೀಶ್ ತೀರಿಕೊಂಡದ್ದು 2024ರ ಏಪ್ರಿಲ್ 16ರ ಮಂಗಳವಾರ. ಮರುದಿನ ರಾಮನವಮಿ, ಅರ್ಧ ಜನ ಭಜನೆಯಲ್ಲಿ, ಇನ್ನರ್ಧ ಜನ ಪಾನಕ ಹಂಚುವುದರಲ್ಲಿ. ನಾವು ಭಾನುವಾರ ಸಂಜೆ 5 ಗಂಟೆಗೆ ಇಟ್ಟುಕೊಂಡೆವು. ಠಾಣೆ, ಮುಲುಂಡ್ ಕಡೆಯವರೂ ಬಂದರು, 7ಕ್ಕೆ ಮುಗಿಸಿ ಅಡುಗೆ ಹೊತ್ತಿಗೆ ಮನೆ ಸೇರಿದರು. ಸ್ವಂತ ಸಭಾಂಗಣ ಇಲ್ಲದವರು ಮಾಟುಂಗದ ಮೈಸೂರು ಅಸೋಸಿಯೇಷನ್ ಅಥವಾ ಮಾಹಿಮ್‌ನ ಕರ್ನಾಟಕ ಸಂಘದಲ್ಲಿ ವಿಚಾರಿಸಬಹುದು. ಆದರೆ 40 ಜನರ ಸಭೆಗೆ ದೊಡ್ಡ ರಂಗಮಂದಿರ ಹಿಡಿಯಬೇಡಿ. ಖಾಲಿ ಕುರ್ಚಿಗಳ ನಡುವೆ ಯಾರಿಗೂ ನಗು ಬರುವುದಿಲ್ಲ; ನಾಟಕ ಕಂಪನಿಯವರನ್ನು ಕೇಳಿ, ಅವರೂ ಇದನ್ನೇ ಹೇಳುತ್ತಾರೆ. ಸೊಸೈಟಿಯ ಆಫೀಸಿನಲ್ಲಿ ಮೊಣಕೈಗೆ ಮೊಣಕೈ ತಾಗುವಂತೆ ಕೂತರೆ ಒಬ್ಬರ ನಗು ಇನ್ನೊಬ್ಬರಿಗೆ ಹತ್ತುತ್ತದೆ.

ಫೋಟೋ. ಪಾಸ್‌ಪೋರ್ಟಿಗೆ ತೆಗೆಸಿದಂಥದ್ದು ಬೇಡ, ಸನ್ಮಾನದ ಪೇಟ ತೊಟ್ಟದ್ದೂ ಬೇಡ. ಪಾತ್ರದೊಳಗಿನ ಮುಖ ಇರಲಿ, ಕಣ್ಣು ಕಾಣುವಂತಿರಲಿ. ಫ್ಲೆಕ್ಸ್ ಮಾಡಿಸುವುದಾದರೆ ಅಂಗಡಿಯವನಿಗೆ ಕನ್ನಡ ಬಾರದು ಎಂದೇ ತಿಳಿದು ಹೊರಡಿ. ಹೆಸರನ್ನು ಚಿತ್ರವಾಗಿ ಕಳಿಸಿ, ಟೈಪ್ ಮಾಡಲು ಬಿಡಬೇಡಿ, ಒತ್ತಕ್ಷರಗಳೆಲ್ಲ ಪಕ್ಕಕ್ಕೆ ಬಂದು ನಿಂತಿರುತ್ತವೆ. ಹಾರವನ್ನು ದಾದರ್ ಹೂವಿನ ಮಾರುಕಟ್ಟೆಯಿಂದ ತರಬಹುದು, ಮಾಟುಂಗ ಸ್ಟೇಷನ್ ಬಳಿಯೂ ಸಿಗುತ್ತದೆ. ಫೋಟೋದ ಅಳತೆ ಹೇಳಿಯೇ ಕೊಳ್ಳಿ. ಮದುವೆಗೆ ಕಟ್ಟುವ ದಪ್ಪ ಹಾರ ಹಾಕಿದರೆ ಬಾಯಿ ಮುಚ್ಚಿಹೋಗುತ್ತದೆ, ಹಾಸ್ಯನಟರ ಬಾಯಿ ಮುಚ್ಚುವುದು ಎಷ್ಟು ಸರಿ?

ಇನ್ನು ಭಾಷಣ. ಇಲ್ಲೇ ಸಭೆಗಳು ಸಾಯುವುದು.

ಮುಖ್ಯ ಅತಿಥಿ ಬೇಡ. ನಟರನ್ನು ಒಮ್ಮೆ ವಿಮಾನ ನಿಲ್ದಾಣದಲ್ಲಿ ಕಂಡು ಫೋಟೋ ತೆಗೆಸಿಕೊಂಡವರು ಮುಕ್ಕಾಲು ಗಂಟೆ ಆ ಫೋಟೋದ ಬಗ್ಗೆಯೇ ಮಾತಾಡುತ್ತಾರೆ. ಐದಾರು ಜನರನ್ನು ನೀವೇ ಆರಿಸಿ, ಮುಂಚೆಯೇ ಫೋನ್ ಮಾಡಿ, ಒಬ್ಬೊಬ್ಬರಿಗೂ ಒಂದೇ ಕೆಲಸ ಕೊಡಿ: 'ಅವರ ಒಂದು ದೃಶ್ಯ ಹೇಳಿ. ಅದನ್ನು ಎಲ್ಲಿ, ಯಾರ ಜೊತೆ ನೋಡಿದಿರಿ ಹೇಳಿ. ನಾಲ್ಕು ನಿಮಿಷ.' ಚಿತ್ರಗಳ ಪಟ್ಟಿ, ಪ್ರಶಸ್ತಿಗಳ ಪಟ್ಟಿ ನಿರೂಪಕರ ಬಳಿ ಇರುತ್ತದೆ, ಅವರು ಒಂದು ಸಲ ಓದಿ ಮುಗಿಸುತ್ತಾರೆ ಎಂದೂ ಹೇಳಿಬಿಡಿ. ಇಲ್ಲದಿದ್ದರೆ ಐದು ಜನರೂ ಗೂಗಲ್ ನೋಡಿಕೊಂಡು ಬಂದು 'ದ್ವಾರಕೀಶ್ 1942ರಲ್ಲಿ ಹುಣಸೂರಿನಲ್ಲಿ ಜನಿಸಿದರು' ಎಂದೇ ಶುರುಮಾಡುತ್ತಾರೆ. ಐದನೆಯವರ ಹೊತ್ತಿಗೆ ನಾವೆಲ್ಲ ಹುಣಸೂರಿನಲ್ಲೇ ಹುಟ್ಟಿದಷ್ಟು ಪರಿಚಯವಾಗಿರುತ್ತದೆ.

ಕೆಲವು ವಾಕ್ಯಗಳನ್ನು ನಾನು ನಿಷೇಧಿಸಿದ್ದೇನೆ. ಶಾಲೆಯಲ್ಲಿ ಪ್ರಬಂಧ ತಿದ್ದಿದ ಅಭ್ಯಾಸ, ಬಿಡುವುದಿಲ್ಲ. 'ಎಲ್ಲರನ್ನೂ ನಗಿಸಿದವರು ಇಂದು ನಮ್ಮನ್ನು ಅಳಿಸಿ ಹೋದರು' ಎಂಬುದು ಅದರಲ್ಲಿ ಮೊದಲನೆಯದು. ನರಸಿಂಹರಾಜು ತೀರಿಕೊಂಡ 1979ರಲ್ಲೇ ಅದು ಸವೆದಿತ್ತು. 'ತುಂಬಲಾರದ ನಷ್ಟ' ಎರಡನೆಯದು. ಇವೆರಡನ್ನೂ ಅಧ್ಯಕ್ಷರಿಗೆ ಮಾತ್ರ ಬಿಟ್ಟುಕೊಟ್ಟಿದ್ದೇನೆ, ಅವರಿಗೆ ಬೇರೆ ವಾಕ್ಯ ಬರುವುದಿಲ್ಲ.

ಒಂದು ದೃಶ್ಯದ ನಿಯಮ ಏನು ಮಾಡುತ್ತದೆ ನೋಡಿ. ಆ ಏಪ್ರಿಲ್‌ನ ಸಭೆಯಲ್ಲಿ ನಮ್ಮ ಹಿರಿಯರೊಬ್ಬರು ಎದ್ದರು. ಸಣ್ಣ ವಯಸ್ಸಿನಲ್ಲಿ ಮಾಟುಂಗದ ಹೋಟೆಲೊಂದಕ್ಕೆ ಬಂದು, ರಾತ್ರಿ ಶಾಲೆಯಲ್ಲಿ ಓದಿದವರು. 'ಸಿಂಗಾಪುರದಲ್ಲಿ ರಾಜಾ ಕುಳ್ಳ' ಬಂದ 1978ರಲ್ಲಿ ಅವರು ರಜೆಗೆ ಊರಿಗೆ ಹೋಗಿದ್ದರಂತೆ. ಉಡುಪಿಯಲ್ಲಿ ರಾತ್ರಿ ಆಟ ನೋಡಿ, ಬಸ್ಸು ತಪ್ಪಿ, ನಡೆದೇ ಮನೆ ಸೇರಿದಾಗ ಅವರಮ್ಮ ಬಾಗಿಲಲ್ಲಿ ಹಿಡಿಸೂಡಿ ಹಿಡಿದು ನಿಂತಿದ್ದಾರೆ. ಇವರು ದ್ವಾರಕೀಶ್ ಥರ ಕಣ್ಣರಳಿಸಿ, ಕುತ್ತಿಗೆ ಎಳೆದು, ಇಂಗ್ಲಿಷಿನಂಥ ಏನನ್ನೋ ಬಡಬಡಿಸಿದರಂತೆ. 'ಅಮ್ಮ ಹೊಡೀಲಿಕ್ಕೆ ಕೈ ಎತ್ತಿದವರು ಹಾಗೇ ಕೂತು ನಗಾಡ್ಲಿಕ್ಕೆ ಶುರುಮಾಡಿದ್ರು ಮಾರಾಯ್ರೇ. ನಮ್ಮಮ್ಮ ನಕ್ಕದ್ದು ನಾನು ಸರಿಯಾಗಿ ನೋಡಿದ್ದು ಅವತ್ತೇ.' ಅಷ್ಟು ಹೇಳಿ ಕೂತರು. ನಾಲ್ಕು ನಿಮಿಷವೂ ಆಗಿರಲಿಲ್ಲ. ಸಭೆ ನಕ್ಕಿತು, ಪಕ್ಕದ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡರು.

ನಟರ ಇನ್ನೊಂದು ಮುಖವನ್ನು ಹೇಳಲು ಒಬ್ಬರನ್ನು ಇಡಿ, ಅದು ತಪ್ಪಿಹೋಗಬಾರದು. ದ್ವಾರಕೀಶ್ ಎಂದರೆ ಜನಕ್ಕೆ ಕುಳ್ಳನ ಪಾತ್ರಗಳೇ ನೆನಪು. ಅವರು 1969ರಲ್ಲಿ ರಾಜ್‌ಕುಮಾರ್ ಅವರನ್ನು ಹಾಕಿಕೊಂಡು 'ಮೇಯರ್ ಮುತ್ತಣ್ಣ' ನಿರ್ಮಿಸಿದವರು, 'ನೀ ಬರೆದ ಕಾದಂಬರಿ' ನಿರ್ದೇಶಿಸಿದವರು, ಚಿತ್ರಗಳು ಸೋತು ಸಾಲದಲ್ಲಿ ಮುಳುಗಿ ಮತ್ತೆ 2004ರಲ್ಲಿ 'ಆಪ್ತಮಿತ್ರ'ದಿಂದ ಎದ್ದು ನಿಂತವರು. ನಮ್ಮಲ್ಲಿ ಬ್ಯಾಂಕಿನಲ್ಲಿ ಸಾಲದ ವಿಭಾಗ ನೋಡಿ ನಿವೃತ್ತರಾದ ಧಾರವಾಡದವರೊಬ್ಬರಿಗೆ ಇದನ್ನು ವಹಿಸಿದೆ. 'ಟೀಚರ್, ಈ ಮನಶ್ಯಾಗ ನಾನಾಗಿದ್ರ ಸಾಲ ಕೊಡ್ತಿದ್ದಿಲ್ರಿ' ಎಂದು ಶುರುಮಾಡಿ, ಕೊನೆಗೆ 'ಕೊಡದಿದ್ರ ನಮಗ ಆಪ್ತಮಿತ್ರ ಸಿಗ್ತಿದ್ದಿಲ್ಲ ನೋಡ್ರಿ' ಎಂದರು. ಹಾಗೆಯೇ ಎಂ.ಎಸ್. ಉಮೇಶ್ ಅವರನ್ನು ನೆನೆಯುವಾಗ 1960ರ 'ಮಕ್ಕಳ ರಾಜ್ಯ'ದ ಹುಡುಗನನ್ನು, ಪುಟ್ಟಣ್ಣನವರ 'ಕಥಾ ಸಂಗಮ'ದಲ್ಲಿ ಅವರು ಮಾಡಿದ, ನಗು ಬಾರದ ಪಾತ್ರವನ್ನು ಮರೆಯಬಾರದು. ಬಾಲಕೃಷ್ಣ ಅವರಂತೂ ಖಳನಾಗಿಯೂ ಅಷ್ಟೇ ಚೆನ್ನಾಗಿ ಉರಿಸುತ್ತಿದ್ದರು. ಕಿವಿ ಮಂದವಾಗಿದ್ದವರು ಎದುರಿನವರ ಮಾತಿಗೆ ಅಷ್ಟು ಕರಾರುವಾಕ್ಕಾಗಿ ಮಾತು ಕೊಡುತ್ತಿದ್ದರು ಎಂಬುದನ್ನು ಹೇಳಿದರೆ ಮಕ್ಕಳು ನಂಬುವುದಿಲ್ಲ.

ದೃಶ್ಯಗಳನ್ನು ತೋರಿಸುವುದರ ಬಗ್ಗೆ ಸ್ವಲ್ಪ ಉದ್ದ ಹೇಳುತ್ತೇನೆ, ಏಕೆಂದರೆ ಇದನ್ನು ಎಲ್ಲರೂ ಸುಲಭ ಎಂದುಕೊಂಡು ಕೊನೆಗೆ ಯಾವನೋ ಹುಡುಗನ ಕೈಗೆ ಕೊಟ್ಟುಬಿಡುತ್ತಾರೆ. ನೇರ ಇಂಟರ್ನೆಟ್‌ನಿಂದ ಹಾಕಬೇಡಿ. ಸಭಾಂಗಣದ ವೈಫೈ ನಂಬುವಂಥದ್ದಲ್ಲ, ಮೇಲಾಗಿ ಅಗಲಿದವರ ಮುಖದ ಮೇಲೆ ಚಿನ್ನದ ಸಾಲದ ಜಾಹೀರಾತು ಬಂದು ಕೂರುತ್ತದೆ. ಮೊದಲೇ ಲ್ಯಾಪ್‌ಟಾಪ್‌ಗೆ ಇಳಿಸಿಕೊಂಡು, ಒಂದರ ಹಿಂದೆ ಒಂದು ಜೋಡಿಸಿ, ಎಲ್ಲ ಸೇರಿ 20 ನಿಮಿಷ ಮೀರದಂತೆ ನೋಡಿಕೊಳ್ಳಿ. ಲ್ಯಾಪ್‌ಟಾಪ್‌ನ ಸದ್ದಿನ ಮುಂದೆ ಮೈಕ್ ಹಿಡಿಯುವ ಪದ್ಧತಿ ಈಗಲೂ ಇದೆ, ದಯವಿಟ್ಟು ಬೇಡ. ಸೌಂಡ್‌ನವರಿಗೆ ವೈರ್ ತರಲು ಮೊದಲೇ ಹೇಳಿ. ಕಪ್ಪುಬಿಳುಪು ಚಿತ್ರಗಳಲ್ಲಿ ಮಾತು ಕೆಳಗೆ, ವಾದ್ಯ ಮೇಲೆ. ಫ್ಯಾನುಗಳೆಲ್ಲ ತಿರುಗುತ್ತಿರುವಾಗಲೇ ಹಿಂದಿನ ಸಾಲಿನಲ್ಲಿ ಕೂತು ಕೇಳಿ ನೋಡಿ, ಏಪ್ರಿಲ್‌ನಲ್ಲಿ ಡೊಂಬಿವಲಿಯಲ್ಲಿ ಫ್ಯಾನು ಆರಿಸುವ ಮಾತೇ ಇಲ್ಲ.

ಎಲ್ಲಿ ಕತ್ತರಿಸಬೇಕು ಎಂಬುದು ದೊಡ್ಡ ಪ್ರಶ್ನೆ. ಮೊಬೈಲಿನಲ್ಲಿ ಓಡಾಡುವ ತುಣುಕುಗಳಲ್ಲಿ ಕೊನೆಯ ಮಾತು ಮಾತ್ರ ಇರುತ್ತದೆ, ಅದಕ್ಕೆ ಹಿನ್ನೆಲೆಯಲ್ಲಿ ಯಾರೋ ನಗು ಬೇರೆ ಸೇರಿಸಿರುತ್ತಾರೆ. ಅದನ್ನು ಹಾಕಬೇಡಿ. ಹಾಸ್ಯನಟ ಬಾಗಿಲಿನಿಂದ ಒಳಗೆ ಬರುವಲ್ಲಿಂದ ಶುರುಮಾಡಿ, ನಡಿಗೆ ನೋಡಲಿ. ಮಾತು ಮುಗಿದ ಮೇಲೂ ಎದುರಿನವರ ಮುಖ ಕಾಣುವವರೆಗೆ ಬಿಡಿ. ನರಸಿಂಹರಾಜು ಏನೋ ಹೇಳಿ ಸುಮ್ಮನಾದ ಮೇಲೆ ರಾಜ್‌ಕುಮಾರ್ ಅವರ ಮುಖದಲ್ಲಿ ಏನಾಗುತ್ತದೆ ನೋಡಿ, ಅರ್ಧ ನಗು ಅಲ್ಲಿದೆ. 1954ರ 'ಬೇಡರ ಕಣ್ಣಪ್ಪ'ದಿಂದ ಇಬ್ಬರೂ ಜೊತೆಗೆ ಬೆಳೆದವರು, ಒಬ್ಬರ ಉಸಿರು ಇನ್ನೊಬ್ಬರಿಗೆ ಗೊತ್ತಿತ್ತು.

ಇಲ್ಲಿ ಹುಟ್ಟಿದ ಮಕ್ಕಳ ವಿಚಾರ ಬೇರೆ. ಅವರು ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ ಕೇಳುತ್ತಾರೆ, ಹೊರಗೆ ಮರಾಠಿ, ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಮಾತಿನ ಚಮತ್ಕಾರದ ದೃಶ್ಯ ಹಾಕಿದರೆ ಅಜ್ಜಂದಿರು ನಗುತ್ತಾರೆ, ಮೊಮ್ಮಕ್ಕಳು ಮೊಬೈಲ್ ತೆಗೆಯುತ್ತಾರೆ. ಒಂದಾದರೂ ಮೈಯಿಂದ ನಗಿಸುವ ದೃಶ್ಯ ಇರಲಿ, ಅದು ಮೊದಲು ಬರಲಿ. ನರಸಿಂಹರಾಜು ಅವರ ಆ ಸಣಕಲು ದೇಹ ಹೆದರಿ ನಡುಗುವುದಕ್ಕೆ, ಆ ಉಬ್ಬುಹಲ್ಲಿನ ನಗೆಗೆ ಅನುವಾದ ಬೇಡ. ಮಕ್ಕಳು ಮೊದಲು ನಕ್ಕರೆ ದೊಡ್ಡವರ ಸಂಕೋಚ ಮುರಿಯುತ್ತದೆ, ಆಮೇಲೆ ನಿಮಗೆ ಕೆಲಸವೇ ಇಲ್ಲ.

ಅಕ್ಕಪಕ್ಕದ ಮರಾಠಿಯವರನ್ನೂ ಕರೆಯಿರಿ. ನಮ್ಮ ಬಿಲ್ಡಿಂಗಿನ ಕಾಕೂ ಒಬ್ಬರಿಗೆ ದ್ವಾರಕೀಶ್ ಯಾರೆಂದು ವಿವರಿಸಲು ನಾನು ಏದುಸಿರು ಬಿಟ್ಟೆ. ಕೊನೆಗೆ ಅವರೇ 'ಅಂದರೆ ನಿಮ್ಮ ಲಕ್ಷ್ಯಾ' ಎಂದು ತೀರ್ಮಾನಿಸಿದರು. ಲಕ್ಷ್ಯಾ ಎಂದರೆ ಮರಾಠಿಯ ಹಾಸ್ಯನಟ ಲಕ್ಷ್ಮೀಕಾಂತ ಬೇರ್ಡೆ; ಅವರು 2004ರ ಡಿಸೆಂಬರ್‌ನಲ್ಲಿ ತೀರಿಕೊಂಡಾಗ ನಮ್ಮ ಬಿಲ್ಡಿಂಗಿನಲ್ಲಿ ಹೇಗಿತ್ತೆಂದು ನನಗೆ ನೆನಪಿದೆ. ಹೋಲಿಕೆ ಪೂರ್ತಿ ಸರಿಯಲ್ಲ, ಆದರೂ ತಲೆಯಾಡಿಸಿದೆ. ಕಾಕೂ ಬಂದು ಮುಂದಿನ ಸಾಲಿನಲ್ಲೇ ಕೂತರು.

ಮೌನ ಪ್ರಾರ್ಥನೆಯನ್ನು ಆರಂಭದಲ್ಲೇ ಮುಗಿಸಿ. ಕೊನೆಗಿಟ್ಟರೆ, ಅಷ್ಟು ಹೊತ್ತು ನಕ್ಕ ಜನ ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ತಲೆತಗ್ಗಿಸಿ ನಿಲ್ಲುತ್ತಾರೆ. ಒಂದು ನಿಮಿಷವೆಂದರೆ ಒಂದು ನಿಮಿಷ, ಗಡಿಯಾರ ನೋಡಿ. ನಮ್ಮ ಅಧ್ಯಕ್ಷರು 20 ಸೆಕೆಂಡಿಗೇ ಕೆಮ್ಮಿಬಿಡುತ್ತಾರೆ. ಅದು ಮುಗಿದ ಕೂಡಲೇ ನಿರೂಪಕರು ಹೇಳಬೇಕಾದ ಮಾತು, ನಾನು ಚೀಟಿಯಲ್ಲಿ ಬರೆದುಕೊಡುತ್ತೇನೆ: 'ಇನ್ನು ಮೇಲೆ ನಗು ಬಂದರೆ ತಡೆಯಬೇಡಿ. ಅವರು ಜೀವನವಿಡೀ ಕೆಲಸ ಮಾಡಿದ್ದು ಅದಕ್ಕೇ.' ಅಷ್ಟು ಸಾಕು.

ಮಿಮಿಕ್ರಿ ಮಾಡುತ್ತೇನೆ ಎಂದು ಯಾರಾದರೂ ಬಂದೇ ಬರುತ್ತಾರೆ. ಸಾರಾಸಗಟಾಗಿ ಬೇಡ ಎನ್ನಲಾರೆ. ನಮ್ಮ ಹಾಸ್ಯನಟರಲ್ಲಿ ಹಲವರು ತಮ್ಮ ದೇಹವನ್ನೇ ಬಂಡವಾಳ ಮಾಡಿಕೊಂಡವರು. ದ್ವಾರಕೀಶ್ ತಮ್ಮ ಎತ್ತರವನ್ನು ತಾವೇ ಚಿತ್ರದ ಹೆಸರಿಗೆ ಹಾಕಿಕೊಂಡರು, ಅದು ಅವರ ಹಕ್ಕು. ನೀವು ಅವರ ಫೋಟೋದ ಪಕ್ಕ ಮಂಡಿಯೂರಿ ನಡೆದು ತೋರಿಸಿದರೆ ಅದು ಬೇರೆಯೇ ಆಗುತ್ತದೆ. ಧ್ವನಿ, ಮಾತಿನ ಓಟ, ಕಣ್ಣು ಇವನ್ನು ಅನುಕರಿಸಲಿ. ಎತ್ತರ, ಹಲ್ಲು, ಕಿವುಡು ಬೇಡ. ಇದನ್ನು ವೇದಿಕೆ ಹತ್ತುವ ಮೊದಲು ಹೇಳಿ, ಹತ್ತಿದ ಮೇಲೆ ಯಾರನ್ನೂ ಇಳಿಸಲಾಗುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದೆಲ್ಲ ತುಂಬು ಬಾಳು ಬಾಳಿದವರಿಗೆ. ವಯಸ್ಸಲ್ಲದ ವಯಸ್ಸಿನಲ್ಲಿ ಹೋದವರಿಗೆ ಇದು ಯಾವುದೂ ನಡೆಯುವುದಿಲ್ಲ. ಟಿವಿಯ ಹಾಸ್ಯ ಸ್ಪರ್ಧೆ 'ಕಾಮಿಡಿ ಕಿಲಾಡಿಗಳು' ಮೂರನೆಯ ಆವೃತ್ತಿ ಗೆದ್ದ ಉಡುಪಿಯ ಹುಡುಗ ರಾಕೇಶ್ ಪೂಜಾರಿ 2025ರ ಮೇ 12ರಂದು ಹೃದಯಾಘಾತದಿಂದ ತೀರಿಕೊಂಡಾಗ ನಮ್ಮಲ್ಲಿ ಯಾರೋ ದೃಶ್ಯಗಳನ್ನು ಜೋಡಿಸಲು ಕೂತರು. ಬೇಡ ಎಂದೆ. ಮೂವತ್ತರ ಆಸುಪಾಸಿನ ಮಗ. ಸಭೆಯಲ್ಲಿ ಕೂತ ಅರ್ಧ ಹೆಂಗಸರು ಅವನಲ್ಲಿ ತಮ್ಮ ಮಗನನ್ನೇ ಕಾಣುತ್ತಾರೆ. ಅಂಥ ಹೊತ್ತಲ್ಲಿ ದೀಪ ಹಚ್ಚಿ, ಒಂದು ಭಜನೆ ಹಾಡಿ, ಮಾತಾಡಬೇಕೆನಿಸಿದವರು ಎರಡು ಮಾತು ಆಡಿ, ಅರ್ಧ ಗಂಟೆಯಲ್ಲಿ ಎದ್ದುಬಿಡಬೇಕು. ನಗಿಸುವ ದೃಶ್ಯಗಳನ್ನು ವರ್ಷಾಂತಿಕಕ್ಕೆ ತೆಗೆದಿಡಿ. ಸತ್ತ ಕಾರಣದ ಬಗ್ಗೆ ಜಿಮ್ಮು, ಲಸಿಕೆ, ದೃಷ್ಟಿ ಎಂದು ಯಾರಾದರೂ ಶುರುಮಾಡಿದರೆ ಮೈಕ್ ತೆಗೆದುಕೊಳ್ಳಿ. ನಾನು ತೆಗೆದುಕೊಂಡಿದ್ದೇನೆ.

ತಿಂಡಿ ಬೇಕೇ? ಚಹಾ, ಖಾರಿ ಬಿಸ್ಕತ್ತು ಸಾಕು. ಸಿಹಿ ಬೇಡ, ಬಟಾಟೆ ವಡೆ ಮಾಡಿಸಿದರೆ ಮಾತೆಲ್ಲ ಚಟ್ನಿಯ ಸುತ್ತ ತಿರುಗುತ್ತದೆ. ದೇಣಿಗೆ ಪೆಟ್ಟಿಗೆ ಅಂದು ಇಡಲೇಬೇಡಿ. ಕುಟುಂಬ ಕಷ್ಟದಲ್ಲಿದೆ ಎಂಬ ಸುದ್ದಿಯೊಂದಿಗೆ ಯಾರದೋ ಖಾತೆಯ ಸಂಖ್ಯೆ ಗುಂಪುಗಳಲ್ಲಿ ಓಡಾಡುತ್ತದೆ. ಮನೆಯವರೇ ಕೇಳಿದ್ದಾರೆಂದು ಖಚಿತವಾಗದೆ ಒಂದು ರೂಪಾಯಿ ಕಳಿಸಬೇಡಿ.

ಸಭೆಗೆ ಬರಲಾಗದವರು, ವಿರಾರ್‌ನಲ್ಲೋ ಪನ್ವೇಲ್‌ನಲ್ಲೋ ಒಬ್ಬರೇ ಇರುವವರು, ಮನೆಯಲ್ಲೇ ಇದನ್ನು ಮಾಡಬಹುದು. ತುಣುಕು ನೋಡಬೇಡಿ, ಒಂದು ಚಿತ್ರ ಪೂರ್ತಿ ನೋಡಿ. ಹಾಸ್ಯನಟ ಇಲ್ಲದ ದೃಶ್ಯಗಳನ್ನೂ ಓಡಿಸದೆ ನೋಡಿ. ಅವರು ಯಾವಾಗ ಬರುತ್ತಾರೋ ಎಂದು ಕಾಯುತ್ತಿದ್ದ ಆ ಹಳೆಯ ಕಾಯುವಿಕೆ ಇದ್ದರೇ ಬಂದಾಗಿನ ಸಂತೋಷ. ಆಮೇಲೆ ಆ ಚಿತ್ರವನ್ನು ನಿಮ್ಮ ಜೊತೆ ಮೊದಲು ನೋಡಿದವರಲ್ಲಿ ಬದುಕಿರುವ ಯಾರಿಗಾದರೂ ಫೋನ್ ಮಾಡಿ. ನಾನು ನನ್ನ ತಮ್ಮನಿಗೆ ಮಾಡಿದೆ. ನಾವಿಬ್ಬರೂ ಜಾಗದ ವಿಚಾರಕ್ಕೆ ಮಾತು ಬಿಟ್ಟಿದ್ದೆವು. ಅವನು 'ಹಲೋ' ಎನ್ನಲಿಲ್ಲ, ನೇರವಾಗಿ 'ಅಕ್ಕಾ, ಕುಳ್ಳ ಹೋದ್ನಂತೆ' ಎಂದ. ಜಾಗದ ವಿಚಾರ ಇನ್ನೂ ಹಾಗೇ ಇದೆ.

ಬರೆಯುವವರು ಇಲ್ಲಿನ ಪತ್ರಿಕೆಗೆ, 'ಕರ್ನಾಟಕ ಮಲ್ಲ'ಕ್ಕೋ ನಿಮ್ಮ ಜಾತಿ ಸಂಘದ ಮಾಸಿಕಕ್ಕೋ, 200 ಪದ ಮೀರದ ಹಾಗೆ ಬರೆದು ಕಳಿಸಿ. ಭಾಷಣಕ್ಕೆ ಹೇಳಿದ್ದೇ ಇಲ್ಲಿಗೂ: ಒಂದು ದೃಶ್ಯ, ಒಂದು ಊರು, ಜೊತೆಗಿದ್ದ ಒಬ್ಬರು. ಇಸವಿಗಳನ್ನು ಎರಡು ಕಡೆ ನೋಡಿ ಹಾಕಿ. ಸಭೆಯ ಮರುದಿನ ಸಂಘದ ನಡಾವಳಿ ಪುಸ್ತಕದಲ್ಲಿ ಸಂತಾಪ ನಿರ್ಣಯ ಬರೆಯುವಾಗಲೂ ಅಷ್ಟೇ ಎಚ್ಚರ ಬೇಕು, ವಾರ್ಷಿಕೋತ್ಸವದ ಸ್ಮರಣ ಸಂಚಿಕೆಯವರು ಅದನ್ನೇ ನಕಲು ಮಾಡುತ್ತಾರೆ. ಫ್ಲೆಕ್ಸನ್ನು ಅಂದೇ ಬಿಚ್ಚಿಸಿ. ಹಾಗೇ ಬಿಟ್ಟರೆ ಮುಂದಿನ ಭಾನುವಾರದ ಅರಿಶಿನ-ಕುಂಕುಮ ಕಾರ್ಯಕ್ರಮದವರು ಅದರ ಮುಂದೆಯೇ ಕುರ್ಚಿ ಹಾಕುತ್ತಾರೆ, ಆಮೇಲೆ ಫೋನ್ ಬರುವುದು ನನಗೆ.